ಒಂದೇ ಫೋನು, ಎರಡು ಮ್ಯಾಪ್ ಆ್ಯಪ್: ಯಾವುದನ್ನು ಎಷ್ಟು ನಂಬೋದು?

ಈ ಟಿಪ್ಪಣಿ ಹುಟ್ಟಿದ್ದು ಒಂದು ಸಣ್ಣ ಜಗಳದಿಂದ. ‘ನಿನ್ನ ಆ್ಯಪ್‌ಗಿಂತ ನನ್ನ ಆ್ಯಪ್‌ನ ಜಿಪಿಎಸ್ ಚೆನ್ನಾಗಿದೆ ಕಣೋ’ ಎಂದ ಗೆಳೆಯ. ನಾನೂ ಬಿಡಲಿಲ್ಲ. ತಮಾಷೆ ಅಂದರೆ ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಮಾದರಿಯ ಫೋನು. ಆಮೇಲೆ ಓದಲು ಕೂತಾಗ ಗೊತ್ತಾಯಿತು, ಆ್ಯಪ್‌ಗೆ ಅಂತ ಬೇರೆ ಜಿಪಿಎಸ್ ಇರುವುದೇ ಇಲ್ಲ. ಫೋನಿನೊಳಗೆ ಒಂದು ಚಿಪ್ ಇರುತ್ತದೆ. ಎಲ್ಲ ಆ್ಯಪ್‌ಗಳೂ ಅದನ್ನೇ ಕೇಳಬೇಕು. ಹಾಗಾದರೆ ಒಂದು ಆ್ಯಪ್ ಸರಿಯಾಗಿ ಕರೆದುಕೊಂಡು ಹೋಗಿ ಇನ್ನೊಂದು ಊರೆಲ್ಲ ಸುತ್ತಿಸುವುದು ಯಾಕೆ?

ಯಾಕೆಂದರೆ ಮ್ಯಾಪ್ ಆ್ಯಪ್ ಮಾಡುವುದು ನಾಲ್ಕು ಕೆಲಸ. ನೀವು ಎಲ್ಲಿದ್ದೀರಿ ಎಂದು ನೀಲಿ ಚುಕ್ಕೆ ಇಟ್ಟು ತೋರಿಸುತ್ತದೆ. ಸುತ್ತ ಯಾವ್ಯಾವ ರಸ್ತೆ ಇವೆ ಎಂದು ಹೇಳುತ್ತದೆ. ಅದರಲ್ಲಿ ಒಂದು ದಾರಿ ಆರಿಸುತ್ತದೆ. ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಲೆಕ್ಕ ಹಾಕುತ್ತದೆ. ಈ ನಾಲ್ಕೂ ಬೇರೆ ಬೇರೆ ಕಾರಣಕ್ಕೆ ಕೈಕೊಡುತ್ತವೆ. ಆ್ಯಪ್‌ಗಳನ್ನು ಹೋಲಿಸುವಾಗ ನಾವು ಎಡವುವುದು ಇಲ್ಲೇ. ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟುತ್ತೇವೆ.

ನೀಲಿ ಚುಕ್ಕೆ ಬರೋದು ಎಲ್ಲಿಂದ?

ಜಿಪಿಎಸ್ ಅಮೆರಿಕದ ವ್ಯವಸ್ಥೆ. ಅದರ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ಈಗಿನ ಫೋನುಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ ಉಪಗ್ರಹಗಳ ಸಿಗ್ನಲ್ ಕೂಡ ಹಿಡಿಯುತ್ತವೆ. ಪ್ರತಿ ಉಪಗ್ರಹವೂ ಒಂದೇ ಸಮ ಹೇಳುತ್ತಿರುತ್ತದೆ: ‘ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ.’ ಆ ಮಾತು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಫೋನು ದೂರ ಕಂಡುಹಿಡಿಯುತ್ತದೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ಜಾಗ ಸಿಕ್ಕಂತೆ. ಆದರೂ ನಾಲ್ಕನೆಯದು ಬೇಕು. ಫೋನಿನ ಗಡಿಯಾರ ಉಪಗ್ರಹದ ಗಡಿಯಾರದಷ್ಟು ಕರಾರುವಾಕ್ಕಾಗಿ ಇರುವುದಿಲ್ಲವಲ್ಲ, ಅದರ ತಪ್ಪನ್ನು ಲೆಕ್ಕದಿಂದ ಕಳೆಯುವುದಕ್ಕೆ.

ಗಡಿಯಾರದ ತಪ್ಪು ಎಷ್ಟು ದುಬಾರಿ ನೋಡಿ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಲ್ಲಿ, ಸುಮಾರು 300 ಮೀಟರ್ ಹೋಗುತ್ತದೆ. ಐನ್‌ಸ್ಟೈನ್ ಸಾಪೇಕ್ಷತೆಯ ಪ್ರಕಾರ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. 38ನ್ನು 300ರಿಂದ ಗುಣಿಸಿ. ಒಂದೇ ದಿನಕ್ಕೆ 11 ಕಿ.ಮೀ. ದಾಟುತ್ತದೆ! ಇದನ್ನು ಮೊದಲೇ ಸರಿಮಾಡಿ ಕಳಿಸಿರುತ್ತಾರೆ.

ಒಂದು ಇಸವಿ ನೆನಪಿಡಿ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಸಿಗ್ನಲನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ಆಗ ತಪ್ಪು ಸುಮಾರು 100 ಮೀಟರ್‌ವರೆಗೆ ಇರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ‘ಮುಂದಿನ ತಿರುವಿನಲ್ಲಿ ಎಡಕ್ಕೆ’ ಎನ್ನುವ ಯಂತ್ರಕ್ಕೆ ಅರ್ಥ ಬಂದದ್ದು.

ಈಗ ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನಿನ ತಪ್ಪು 5 ಮೀಟರ್ ಆಸುಪಾಸು. ಬಯಲಿನಲ್ಲಿ ಇದು ಧಾರಾಳ ಸಾಕು. ಆದರೆ ಫ್ಲೈಓವರ್ ಮತ್ತು ಅದರ ಪಕ್ಕದ ಸರ್ವಿಸ್ ರೋಡ್ ನಡುವೆ ಅಷ್ಟು ಅಂತರವೂ ಇರುವುದಿಲ್ಲ. ‘ನೀವು ಮೇಲಿದ್ದೀರಾ ಕೆಳಗಿದ್ದೀರಾ’ ಅನ್ನುವ ಗೊಂದಲ ಎಲ್ಲ ಆ್ಯಪ್‌ಗೂ ಬರುವುದು ಅದಕ್ಕೇ. ಎತ್ತರದ ಕಟ್ಟಡಗಳ ನಡುವೆ ಇನ್ನೂ ಕಷ್ಟ. ಸಿಗ್ನಲ್ ಗೋಡೆಗೆ ಬಡಿದು, ಸುತ್ತಿ ಬಳಸಿ ಬರುತ್ತದೆ. ಫೋನಿಗೆ ಉಪಗ್ರಹ ಇನ್ನಷ್ಟು ದೂರ ಇದ್ದಂತೆ ಕಾಣುತ್ತದೆ, ಚುಕ್ಕೆ ಪಕ್ಕದ ಬೀದಿಗೆ ಹಾರುತ್ತದೆ. 2018ರ ಈಚೆಗೆ ಎರಡು ತರಂಗಾಂತರಗಳಲ್ಲಿ ಸಿಗ್ನಲ್ ಹಿಡಿಯುವ ಫೋನುಗಳು ಬಂದಿವೆ, ಅವು ಈ ಮೋಸವನ್ನು ಸ್ವಲ್ಪ ಮಟ್ಟಿಗೆ ಪತ್ತೆ ಹಚ್ಚುತ್ತವೆ. ಗಮನಿಸಿ, ಇದು ಫೋನಿನ ಗುಣ. ಆ್ಯಪ್ ಬದಲಿಸಿದರೆ ಸಿಗುವಂಥದ್ದಲ್ಲ.

ಚುಕ್ಕೆಯ ಸುತ್ತ ತೆಳು ನೀಲಿ ವೃತ್ತ ಕಾಣುತ್ತದಲ್ಲ, ಅದನ್ನು ನಾನು ವರ್ಷಗಟ್ಟಲೆ ತಪ್ಪಾಗಿ ಓದಿದ್ದೆ. ‘ನಾನು ಖಂಡಿತ ಇದರೊಳಗೇ ಇದ್ದೇನೆ’ ಅಂದುಕೊಂಡಿದ್ದೆ. ಆಂಡ್ರಾಯ್ಡ್ ಕೊಡುವ ನಿಖರತೆಯ ಅಂಕಿಯ ಅರ್ಥ ಬೇರೆ. ಆ ತ್ರಿಜ್ಯದ ವೃತ್ತದೊಳಗೆ ನೀವಿರುವ ಸಾಧ್ಯತೆ 68%, ಅಷ್ಟೇ. ಅಂದರೆ ಮೂರರಲ್ಲಿ ಒಂದು ಸಲ ನೀವು ವೃತ್ತದ ಹೊರಗೇ ಇರಬಹುದು.

ಹಾಗಾದರೆ ಒಂದೇ ಫೋನಿನಲ್ಲಿ ಒಂದು ಆ್ಯಪ್‌ನ ಚುಕ್ಕೆ ನೀಟಾಗಿ ರಸ್ತೆ ಮೇಲೆ ಕೂತು, ಇನ್ನೊಂದರದು ಅಕ್ಕಪಕ್ಕ ಕುಣಿಯುವುದು ಯಾಕೆ? ಇಲ್ಲಿ ಆ್ಯಪ್‌ನ ಕೈಚಳಕವಿದೆ. ದಾರಿ ತೋರಿಸುವಾಗ ಆ್ಯಪ್ ಚಿಪ್ ಕೊಟ್ಟ ಜಾಗವನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುತ್ತದೆ. ನೀವು ಕಾರಿನಲ್ಲಿದ್ದೀರಿ, ಆದ್ದರಿಂದ ರಸ್ತೆಯ ಮೇಲೇ ಇರಬೇಕು ಎನ್ನುವ ಊಹೆ. ಬಹಳ ಸಲ ಅದು ಸರಿ. ಆದರೆ ಚುಕ್ಕೆ ನೀಟಾಗಿ ಕೂತಿದ್ದರೆ ಜಿಪಿಎಸ್ ಚೆನ್ನಾಗಿದೆ ಅಂತ ಅರ್ಥವಲ್ಲ. ಕುಣಿಯುವ ಚುಕ್ಕೆಯೇ ಹೆಚ್ಚು ಪ್ರಾಮಾಣಿಕ ಅಂತ ನನಗೆ ಅನ್ನಿಸುತ್ತದೆ. ನಡೆದು ಹೋಗುವಾಗ ಅದೇ ವಾಸಿ.

ಹೋಲಿಸುವ ಮೊದಲು ಫೋನಿನ ಸೆಟ್ಟಿಂಗ್ಸ್ ಒಮ್ಮೆ ನೋಡಿ. ಐಫೋನ್‌ನಲ್ಲಿ ಐಒಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 12ರಿಂದ, ಒಂದು ಆ್ಯಪ್‌ಗೆ ನಿಖರ ಲೊಕೇಶನ್, ಇನ್ನೊಂದಕ್ಕೆ ಅಂದಾಜು ಲೊಕೇಶನ್ ಕೊಡಬಹುದು. ಯಾವಾಗಲೋ ಸುಮ್ನೆ ಒತ್ತಿದ ಬಟನ್ ನಿಮ್ಮ ಹೋಲಿಕೆಯನ್ನೇ ಕೆಡಿಸಿರುತ್ತದೆ.

ಮ್ಯಾಪ್‌ನಲ್ಲಿ ಇರುವುದೆಲ್ಲ ನೆಲದ ಮೇಲೆ ಇದೆಯಾ?

ಆ್ಯಪ್‌ಗಳ ನಿಜವಾದ ವ್ಯತ್ಯಾಸ ಶುರುವಾಗುವುದು ಇಲ್ಲಿಂದ. ದೊಡ್ಡ ಪಾಠ 2012ರದ್ದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನದೇ ಮ್ಯಾಪ್ ತಂದಿತು. ಜಾಗಗಳು ಎಲ್ಲೆಲ್ಲೋ ಇದ್ದವು, ಸೇತುವೆಗಳು ಕರಗಿ ಹೋದಂತೆ ಕಾಣುತ್ತಿದ್ದವು. ಕೆಲವೇ ದಿನಗಳಲ್ಲಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಿದರು. ಸದ್ಯಕ್ಕೆ ಬೇರೆಯವರ ಆ್ಯಪ್ ಬಳಸಿ ಎಂದೂ ಹೇಳಿದರು. ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೊಲೀಸರು ಜನರಿಗೆ ಎಚ್ಚರಿಕೆ ಕೊಡಬೇಕಾಯಿತು. ಮಿಲ್ಡುರಾ ಎಂಬ ಊರನ್ನು ಆ ಮ್ಯಾಪ್ ನಿಜವಾದ ಜಾಗದಿಂದ ಸುಮಾರು 70 ಕಿ.ಮೀ. ದೂರದ ಒಂದು ರಾಷ್ಟ್ರೀಯ ಉದ್ಯಾನದೊಳಗೆ ತೋರಿಸುತ್ತಿತ್ತು. ಹೋದವರು ನೀರೂ ಇಲ್ಲದ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರ ನೀಲಿ ಚುಕ್ಕೆಯಲ್ಲಿ ತಪ್ಪಿರಲಿಲ್ಲ. ಊರೇ ತಪ್ಪಾದ ಜಾಗದಲ್ಲಿತ್ತು. ಇವತ್ತಿನ ಆ್ಯಪಲ್ ಮ್ಯಾಪ್ ಅದಕ್ಕೆ ಹೋಲಿಸಿದರೆ ಬೇರೆಯೇ ಸರಕು. ಹಳೆಯ ಕೆಟ್ಟ ಹೆಸರು ಕೇಳಿ ಆ್ಯಪ್ ಅಳೆಯಬಾರದು ಅನ್ನುವುದಕ್ಕೂ ಇದೇ ಉದಾಹರಣೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆ ಜಾತಿಯದು. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಶುರುಮಾಡಿದ್ದು. ಯಾರು ಬೇಕಾದರೂ ತಿದ್ದಬಹುದು. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್ಎಂಆ್ಯಂಡ್ ಮುಂತಾದ ಆ್ಯಪ್‌ಗಳು ಇದರ ಮಾಹಿತಿಯ ಮೇಲೆ ನಿಂತಿವೆ. ಆಸಕ್ತ ಜನ ಇರುವ ಕಡೆ ಕಾಲುದಾರಿ, ಮೆಟ್ಟಿಲು, ಗೇಟು ಎಲ್ಲವೂ ಇರುತ್ತವೆ. ದೊಡ್ಡ ಕಂಪನಿಗಳು ಮುಟ್ಟದ ವಿವರಗಳು. ಯಾರೂ ಕೈ ಹಾಕದ ಕಡೆ ಖಾಲಿ ಖಾಲಿ. ಅಂಗಡಿ, ಕಚೇರಿಗಳ ಹೆಸರು ಹುಡುಕುವುದರಲ್ಲಿ ಗೂಗಲ್ ಮ್ಯಾಪ್ಸ್ ಮುಂದೆ ಇವು ಸಾಮಾನ್ಯವಾಗಿ ಸೋಲುತ್ತವೆ. ಹಾಗಾಗಿ ‘ಓಪನ್‌ಸ್ಟ್ರೀಟ್‌ಮ್ಯಾಪ್ ನಂಬಬಹುದಾ’ ಅಂದರೆ ನನ್ನ ಉತ್ತರ ಒಂದೇ: ಎಲ್ಲಿ?

‘ಎಲ್ಲಿ’ ಅನ್ನುವುದಕ್ಕೆ ಕಾನೂನಿನ ಮುಖವೂ ಇದೆ. ದಕ್ಷಿಣ ಕೊರಿಯಾ ತನ್ನ ವಿವರವಾದ ನಕ್ಷೆಯ ಮಾಹಿತಿಯನ್ನು ದೇಶದ ಹೊರಗೆ ಒಯ್ಯಲು ಗೂಗಲ್‌ಗೆ 2007ರಲ್ಲೂ 2016ರಲ್ಲೂ ಒಪ್ಪಿಗೆ ಕೊಡಲಿಲ್ಲ. ಅಲ್ಲಿನ ಜನ ತಮ್ಮದೇ ದೇಶದ ಕಂಪನಿಗಳಾದ ನೇವರ್, ಕಕಾವೊ ಮ್ಯಾಪ್‌ಗಳಿಗೆ ಒಗ್ಗಿಕೊಂಡರು. ಚೀನಾದಲ್ಲಿ ನಕ್ಷೆಗಳಿಗೆ ಸರ್ಕಾರದ್ದೇ ಒಂದು ನಿರ್ದೇಶಾಂಕ ಪದ್ಧತಿ (ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ) ಕಡ್ಡಾಯ. ಉಪಗ್ರಹ ಕೊಟ್ಟ ಜಾಗವನ್ನು ಹಾಗೇ ಅದರ ಮೇಲೆ ಇಟ್ಟರೆ ನೂರಾರು ಮೀಟರ್ ಜರುಗಿ ಕಾಣುತ್ತದೆ.

ನಕ್ಷೆಯ ತಪ್ಪುಗಳಲ್ಲೂ ಎರಡು ಬಗೆ. ಇರುವ ರಸ್ತೆ ಮ್ಯಾಪ್‌ನಲ್ಲಿ ಇಲ್ಲದಿರುವುದು ಒಂದು. ಇಲ್ಲದ ರಸ್ತೆ ಮ್ಯಾಪ್‌ನಲ್ಲಿ ಇರುವುದು ಇನ್ನೊಂದು. ಮೊದಲನೆಯದರಿಂದ ಸ್ವಲ್ಪ ಸುತ್ತು ಜಾಸ್ತಿಯಾಗುತ್ತದೆ. ಎರಡನೆಯದು ಹಳ್ಳಕ್ಕೆ ಇಳಿಸುತ್ತದೆ. ನಾನು ಎರಡನೆಯದಕ್ಕೆ ದುಪ್ಪಟ್ಟು ಅಂಕ ಕಳೆಯುತ್ತೇನೆ.

ದಾರಿ ಆರಿಸುವುದು

ಇದರ ಗಣಿತ ಹಳೆಯದು. ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನವೇ ಇದರ ತಳಪಾಯ. ಪ್ರತಿ ರಸ್ತೆ ತುಂಡಿಗೂ ಒಂದು ‘ಬೆಲೆ’ ಕೊಡಿ, ಒಟ್ಟು ಬೆಲೆ ಕಡಿಮೆ ಇರುವ ದಾರಿ ಹುಡುಕಿ. ಗಣಿತ ತಪ್ಪುವುದಿಲ್ಲ, ಬೆಲೆ ಕಟ್ಟುವುದು ತಪ್ಪುತ್ತದೆ. 2019ರ ಜೂನ್‌ನಲ್ಲಿ ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯಲ್ಲಿ ಅಪಘಾತವಾಯಿತು. ಗೂಗಲ್ ಮ್ಯಾಪ್ಸ್ ಬದಲಿ ದಾರಿ ತೋರಿಸಿತು. ಅದು ಮಣ್ಣಿನ ದಾರಿ, ಮೇಲೆ ಮಳೆ ಬಿದ್ದಿತ್ತು. ಸುಮಾರು ನೂರು ಕಾರುಗಳು ಕೆಸರಿನಲ್ಲಿ ಹೂತುಕೊಂಡವು. ಮುಂದಿನವನು ಹೋಗುತ್ತಿದ್ದಾನೆ ಅಂತ ಹಿಂದಿನವನೂ ಹೋದ. ಆ ದಾರಿಯ ಬೆಲೆಯಲ್ಲಿ ಕೆಸರು ಸೇರಿರಲಿಲ್ಲ.

2017ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ಇದಕ್ಕಿಂತ ಭಯಂಕರವಾದದ್ದು ಕಂಡಿತು. ಆ್ಯಪ್‌ಗಳಿಗೆ ಬೆಂಕಿ ಇದ್ದ ಕಡೆಯ ರಸ್ತೆಗಳು ಖಾಲಿಯಾಗಿ ಕಂಡವು. ಖಾಲಿ ಅಂದರೆ ವೇಗ ಅಲ್ವಾ? ಆ ಕಡೆಗೇ ದಾರಿ ತೋರಿಸಿದವು. ಆ್ಯಪ್ ನೋಡಬೇಡಿ ಎಂದು ಲಾಸ್ ಏಂಜಲೀಸ್ ಪೊಲೀಸರು ಚಾಲಕರಿಗೆ ಹೇಳಬೇಕಾಯಿತು.

ತಲುಪುವ ಸಮಯ: ಇದನ್ನು ನೀವೇ ಅಳೆಯಬಹುದು

ಟ್ರಾಫಿಕ್ ಎಲ್ಲಿಂದ ಗೊತ್ತಾಗುತ್ತದೆ? ರಸ್ತೆಯಲ್ಲಿರುವ ಫೋನುಗಳಿಂದಲೇ. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ ಬರ್ಲಿನ್‌ನಲ್ಲಿ 99 ಫೋನುಗಳನ್ನು ಪುಟ್ಟ ಗಾಡಿಯಲ್ಲಿ ತುಂಬಿಕೊಂಡು ನಿಧಾನ ಎಳೆದುಕೊಂಡು ಹೋದರು. ಖಾಲಿ ರಸ್ತೆ ಗೂಗಲ್ ಮ್ಯಾಪ್ಸ್‌ನಲ್ಲಿ ಕೆಂಪಾಯಿತು. ಇದರಿಂದ ಕಲಿಯಬೇಕಾದದ್ದು: ಬಳಸುವವರು ಜಾಸ್ತಿ ಇರುವ ಕಡೆ ಟ್ರಾಫಿಕ್ ಅಂದಾಜು ಚೆನ್ನಾಗಿರುತ್ತದೆ. ವೇಜ್ ಎಂಬ ಇಸ್ರೇಲಿ ಆ್ಯಪ್ ಚಾಲಕರ ವರದಿಗಳಿಂದಲೇ ಬೆಳೆಯಿತು. 2013ರಲ್ಲಿ ಗೂಗಲ್ ಅದನ್ನು ಕೊಂಡಿತು. ಬಳಸುವವರೇ ಇಲ್ಲದ ರಸ್ತೆಯಲ್ಲಿ ಅದರ ಬಲವೂ ಇಲ್ಲ.

ತನ್ನ ಅಂದಾಜು 97%ಕ್ಕೂ ಹೆಚ್ಚು ಪ್ರಯಾಣಗಳಲ್ಲಿ ಸರಿ ಎಂದು ಗೂಗಲ್ 2020ರಲ್ಲಿ ಹೇಳಿಕೊಂಡಿತು. ಇಂಥ ಅಂಕಿ ಕಂಡಾಗ ಒಂದು ಪ್ರಶ್ನೆ ಕೇಳಿ: ಎಷ್ಟು ನಿಮಿಷ ಆಚೀಚೆ ಆದರೆ ‘ಸರಿ’? ಅದು ಗೊತ್ತಿಲ್ಲದೆ ಎರಡು ಆ್ಯಪ್‌ಗಳ ಅಂಕಿ ಪಕ್ಕಪಕ್ಕ ಇಡಲು ಬರುವುದಿಲ್ಲ.

ನೀವೇ ಅಳೆಯುವುದಾದರೆ ಹೊರಡುವ ಕ್ಷಣದಲ್ಲಿ ತೋರಿಸಿದ ಸಮಯ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ, ಆ್ಯಪ್ ಹೋಗ್ತಾ ಹೋಗ್ತಾ ತನ್ನ ತಪ್ಪನ್ನು ತಾನೇ ಒರೆಸಿಕೊಳ್ಳುತ್ತದೆ. ತಲುಪುವ ಹೊತ್ತಿಗೆ ಎಲ್ಲ ಆ್ಯಪ್‌ಗಳೂ ನೂರಕ್ಕೆ ನೂರು! ಇನ್ನೊಂದು ಬಲೆ ಇದೆ. ಎರಡು ಆ್ಯಪ್ ಎರಡು ದಾರಿ ತೋರಿಸಿದರೆ ನೀವು ಹೋಗುವುದು ಒಂದರಲ್ಲಿ ಮಾತ್ರ. ಇನ್ನೊಂದರ ಮಾತು ನಿಜವಾಗುತ್ತಿತ್ತೋ ಇಲ್ಲವೋ ಹೇಳುವಂತಿಲ್ಲ. ಆದ್ದರಿಂದ ನಡುವೆ ಒಂದು ನಿಲುಗಡೆ ಸೇರಿಸಿ, ಎರಡಕ್ಕೂ ಒಂದೇ ದಾರಿ ಹಿಡಿಸಿ, ಆಮೇಲೆ ಸಮಯ ಹೋಲಿಸಿ.

ಉದಾಹರಣೆಗೆ ಹೀಗೆ ಅಂದುಕೊಳ್ಳಿ. ಎರಡೂ ಆ್ಯಪ್ ಐದು ಸಲವೂ 30 ನಿಮಿಷ ಎಂದವು, ಆದರೆ ಬೇರೆ ಬೇರೆ ದಿನ ಅಳೆದಿರಿ. ಮೊದಲನೆಯದರ ದಿನಗಳಲ್ಲಿ ಹಿಡಿದದ್ದು 33, 34, 33, 34, 33. ಎರಡನೆಯದರ ದಿನಗಳಲ್ಲಿ 22, 38, 30, 41, 21. ಸರಾಸರಿ ತೆಗೆದರೆ ಮೊದಲನೆಯದು 3.4 ನಿಮಿಷ ತಪ್ಪು, ಎರಡನೆಯದು ಬರೀ 0.4. ಎರಡನೆಯದೇ ಗೆದ್ದಿತಾ? ಅದನ್ನು ನಂಬಿ ರೈಲು ಹಿಡಿಯಲು ಹೋಗಿ ನೋಡಿ! ಪ್ಲಸ್, ಮೈನಸ್ ಬಿಟ್ಟು ತಪ್ಪಿನ ಗಾತ್ರದ ಸರಾಸರಿ ತೆಗೆದರೆ ಮೊದಲನೆಯದು 3.4ರಲ್ಲೇ ಉಳಿಯುತ್ತದೆ, ಎರಡನೆಯದು 7.2ಕ್ಕೆ ಏರುತ್ತದೆ. ಯಾವಾಗಲೂ ಮೂರು ನಿಮಿಷ ಕಡಿಮೆ ಹೇಳುವ ಆ್ಯಪ್‌ಗೆ ನೀವೇ ಮೂರು ಸೇರಿಸಿಕೊಳ್ಳಬಹುದು. ಹೇಗೆಂದರೆ ಹಾಗೆ ತಪ್ಪುವುದಕ್ಕೆ ಏನು ಸೇರಿಸುತ್ತೀರಿ?

ನೆಟ್‌ವರ್ಕ್ ಇಲ್ಲದಾಗ

ಇಂಟರ್‌ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಅನ್ನುವುದು ಸುಳ್ಳು. ಉಪಗ್ರಹದ ಸಿಗ್ನಲ್‌ಗೆ ಇಂಟರ್‌ನೆಟ್ ಬೇಡ. ಉಪಗ್ರಹ ತನ್ನ ಜಾಗದ ವಿವರವನ್ನು ಸೆಕೆಂಡಿಗೆ 50 ಬಿಟ್‌ನಂತೆ ಕಳಿಸುತ್ತದೆ, ಪೂರ್ತಿ ಬರಲು ಅರ್ಧ ನಿಮಿಷವಾದರೂ ಬೇಕು. ನೆಟ್‌ವರ್ಕ್ ಇದ್ದರೆ ಫೋನು ಅದನ್ನು ಅಲ್ಲಿಂದಲೇ ಥಟ್ಟನೆ ಪಡೆಯುತ್ತದೆ, ಅಷ್ಟೇ ವ್ಯತ್ಯಾಸ. ನಕ್ಷೆ ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ವಾಹನದ ದಾರಿ ತೋರಿಸುತ್ತದೆ. ನಡಿಗೆಯ ದಾರಿ ಸಿಗುವುದಿಲ್ಲ, ಟ್ರಾಫಿಕ್ ಮಾಹಿತಿಯೂ ಇರುವುದಿಲ್ಲ. ಆ್ಯಪಲ್ 2023ರಲ್ಲಿ ಐಒಎಸ್ 17ರ ಜೊತೆ ಆಫ್‌ಲೈನ್ ತಂದಿತು. ಕಾಡು, ಬೆಟ್ಟ ಹತ್ತುವವರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್‌ಗಳೇ ಮೇಲು. ನಡಿಗೆಯ ದಾರಿಯನ್ನೂ ಫೋನಿನಲ್ಲೇ ಲೆಕ್ಕ ಹಾಕುತ್ತವೆ.

ಕೊನೆಗೆ ನನ್ನದೇ ಒಂದು ದೂರು. ಒಂದು ಆ್ಯಪ್ ನನ್ನನ್ನು ಪದೇ ಪದೇ ಒಂದು ಕಟ್ಟಡದ ಹಿಂದಿನ ಗೇಟಿಗೆ ಕರೆದೊಯ್ದು ‘ತಲುಪಿದ್ದೀರಿ’ ಎನ್ನುತ್ತಿತ್ತು. ಆ ಗೇಟಿಗೆ ಸದಾ ಬೀಗ. ನಾನು ಜಿಪಿಎಸ್‌ಗೆ ಬೈದೆ, ಟ್ರಾಫಿಕ್‌ಗೆ ಬೈದೆ. ನಾಲ್ಕು ಕೆಲಸಗಳ ಪಟ್ಟಿ ಹಿಡಿದು ನೋಡಿದಾಗ ಕಾರಣ ಸಿಕ್ಕಿತು. ಪಿನ್ ಕಟ್ಟಡದ ನಟ್ಟನಡುವೆ ಇತ್ತು. ಆ್ಯಪ್ ಅದಕ್ಕೆ ಹತ್ತಿರದ ರಸ್ತೆ ಹುಡುಕುತ್ತಿತ್ತು. ಹತ್ತಿರದ್ದು ಹಿಂದಿನ ರಸ್ತೆ, ಅಳೆದರೆ ಕೆಲವೇ ಮೀಟರ್ ವ್ಯತ್ಯಾಸ. ಪಿನ್ನನ್ನು ಮುಂದಿನ ಗೇಟಿನ ಮೇಲೆ ಇಟ್ಟು ತಿದ್ದುಪಡಿ ಕಳಿಸಿದೆ. ಇನ್ನೊಂದು ಆ್ಯಪ್ ಮುಂಚಿನಿಂದಲೂ ಸರಿಯಾಗಿ ತೋರಿಸುತ್ತಿತ್ತು. ಅದರಲ್ಲಿ ಯಾರೋ ಆ ಗೇಟನ್ನೂ ಅದರ ಬೀಗವನ್ನೂ ಮೊದಲೇ ಗುರುತು ಮಾಡಿಟ್ಟಿದ್ದರು.