ನಟ್ಟು ಬಂತು, ಬೋಲ್ಟು ಬರುತ್ತಿಲ್ಲ: ತುಕ್ಕು ಕಚ್ಚಿದ ಸಸ್ಪೆನ್ಷನ್ ಬಿಚ್ಚುವ ಬಗೆ

ಪ್ರಶ್ನೆ: ನಮ್ಮದು 1999ರ ಮಾಜ್ಡಾ ಮಿಯಾಟಾ. ಡೆಟ್ರಾಯಿಟ್ ಹತ್ತಿರ ಇದ್ದೇವೆ. ಕಾರನ್ನು ಒಂದೂಕಾಲು ಇಂಚು ತಗ್ಗಿಸೋಣ ಅಂತ ಹೊಸ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ತರಿಸಿ ಮನೆಯ ಗರಾಜಿನಲ್ಲೇ ಕೆಲಸಕ್ಕೆ ಕೂತೆ. ಮುಂದಿನ ಎರಡೂ ಹೇಗೋ ಮುಗಿದವು. ಹಿಂದಿನ ಎಡಚಕ್ರದ ಬುಡದಲ್ಲಿ ಒಂದು ಉದ್ದನೆ ಬೋಲ್ಟ್ ಇದೆಯಲ್ಲ, ಅದರ ನಟ್ಟು ಬಂತು, ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಡಬ್ಲ್ಯುಡಿ-40 ಒಂದು ಡಬ್ಬಿ ಖಾಲಿಯಾಯಿತು. ಸುತ್ತಿಗೆಯಲ್ಲೂ ಬಡಿದೆ. ಇನ್ನೇನು ಮಾಡಲಿ?

ಮೊದಲು ಸುತ್ತಿಗೆ ಕೆಳಗಿಡಿ. ನಟ್ಟು ಬಂದಿದೆ ಅಂದಮೇಲೆ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಮ್ಮ ಬೋಲ್ಟಿನ ಥ್ರೆಡ್, ಅಂದರೆ ನಟ್ಟು ಕೂರುವ ತಿರುಪಿನ ಗೆರೆಗಳು, ಚೆನ್ನಾಗಿದೆ; ಕಚ್ಚಿಕೊಂಡಿರುವುದು ಅದರ ನುಣುಪು ಮೈ. ಥ್ರೆಡ್ ಕಚ್ಚಿದ್ದಕ್ಕೂ ಮೈ ಕಚ್ಚಿದ್ದಕ್ಕೂ ಮದ್ದು ಬೇರೆ ಬೇರೆ. ಇದನ್ನು ವಿಂಗಡಿಸದೆ ಬರೀ ಬಲ ಹಾಕುತ್ತಾ ಹೋದರೆ ಬೋಲ್ಟಿನ ತಲೆ ಹಾರುತ್ತದೆ, ಇಲ್ಲವೇ ನಿಮ್ಮ ಸೊಂಟ ಹಿಡಿಯುತ್ತದೆ. ನನಗೆ ಎರಡೂ ಆಗಿದೆ.

ಒಳಗೆ ಏನಾಗಿದೆ ನೋಡಿ. ಮಿಯಾಟಾದ ನಾಲ್ಕೂ ಚಕ್ರಕ್ಕೆ ಇರುವುದು ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು (ವಿಶ್‌ಬೋನ್) ಹಿಡಿದಿರುತ್ತದೆ. 1989ರಲ್ಲಿ ಬಂದ ಮೊದಲ ಮಾದರಿಯಿಂದಲೂ ಹಾಗೇ. ತೋಳುಗಳು ಜಾಸ್ತಿ, ತೋಳಿನ ಕೀಲುಗಳು ಜಾಸ್ತಿ, ಪ್ರತಿ ಕೀಲಿಗೂ ರಬ್ಬರ್ ಬುಷ್, ಪ್ರತಿ ಬುಷ್ಷಿನ ನಡುವೆ ಒಂದು ಬೋಲ್ಟ್. ಬುಷ್ಷಿನ ರಬ್ಬರಿನ ಒಳಗೆ ಒಂದು ಸಣ್ಣ ಉಕ್ಕಿನ ಕೊಳವೆ ಅಂಟಿಕೊಂಡಿರುತ್ತದೆ. ಬೋಲ್ಟು ಹಾಯುವುದು ಆ ಕೊಳವೆಯೊಳಗೆ. ಎರಡರ ನಡುವೆ ಇರುವ ಸಂದು ಕೂದಲೆಳೆಯಷ್ಟು. ಆ ಸಂದಿಗೆ ನೀರು ಹೋದರೆ ಅಲ್ಲೇ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅಲ್ಲಿ ಜಾಗ ಎಲ್ಲಿದೆ? ಹಾಗಾಗಿ ಬೋಲ್ಟನ್ನೂ ಕೊಳವೆಯನ್ನೂ ಸೇರಿಸಿ ಬೆಸುಗೆ ಹಾಕಿದ ಹಾಗೆ ಅದುಮಿ ಹಿಡಿಯುತ್ತದೆ. ನಿಮ್ಮ ಆ ಉದ್ದನೆ ಬೋಲ್ಟು, ಅಂದರೆ ಹಿಂದಿನ ಅಪ್‌ರೈಟನ್ನು (ಚಕ್ರ ಕೂರುವ ಲೋಹದ ಭಾಗವನ್ನು) ಕೆಳಗಿನ ವಿಶ್‌ಬೋನಿಗೆ ಸೇರಿಸುವುದು, ಇದಕ್ಕೆ ಕುಖ್ಯಾತ. ಉದ್ದ ಹೆಚ್ಚಿದಷ್ಟೂ ಕಚ್ಚುವ ಮೈ ಹೆಚ್ಚು.

ಇನ್ನು ನಿಮ್ಮ ಊರು. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯೇ ಇದೆ. ಅಲ್ಲಿ ಅಗೆದ ಉಪ್ಪು ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಬೀಳುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಈ ಬೋಲ್ಟು ಇಪ್ಪತ್ತಕ್ಕೂ ಹೆಚ್ಚು ಚಳಿಗಾಲ ಎರಡನ್ನೂ ಒಟ್ಟಿಗೇ ಕುಡಿದಿದೆ. ಕ್ಯಾಲಿಫೋರ್ನಿಯಾದವರು ಇದೇ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ ವಿಡಿಯೋ ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಪರೀಕ್ಷೆ ಹೀಗೆ ಮಾಡಿ. ಬೋಲ್ಟಿನ ತಲೆಯ ಮೇಲೊಂದು ಬಿಳಿ ಪೇಂಟಿನ ಗೆರೆ ಎಳೆಯಿರಿ, ಪಕ್ಕದ ವಿಶ್‌ಬೋನಿನ ಮೇಲೂ ಅದೇ ನೇರಕ್ಕೊಂದು ಗೆರೆ. ಈಗ ಉದ್ದನೆ ಹಿಡಿಯ ಬ್ರೇಕರ್ ಬಾರ್ ಹಾಕಿ ನಿಧಾನವಾಗಿ ಎಳೆದು, ಕೈ ಸಡಿಲ ಬಿಡಿ. ತಿರುಗಿದ ತಲೆ ಮೆಲ್ಲಗೆ ವಾಪಸ್ ಬಂದು ಎರಡು ಗೆರೆಗಳೂ ಮತ್ತೆ ಕೂಡಿದರೆ, ತಿರುಗಿದ್ದು ಬೋಲ್ಟಲ್ಲ, ಬುಷ್ಷಿನ ರಬ್ಬರು. ಬೋಲ್ಟು, ಕೊಳವೆ ಎರಡೂ ಒಂದಾಗಿ ರಬ್ಬರನ್ನು ಹಿಂಡುತ್ತಿವೆ. ಅಷ್ಟರಲ್ಲೇ ನಿಲ್ಲಿಸಿ; ಇನ್ನೂ ಎಳೆದರೆ ರಬ್ಬರು ಹರಿಯುತ್ತದೆ. ತಿರುಗಿದ ತಲೆ ತಿರುಗಿದಲ್ಲೇ ನಿಂತರೆ ಒಳ್ಳೆಯ ಸುದ್ದಿ, ಬೋಲ್ಟು ಕೊಳವೆಯೊಳಗೆ ಬಿಟ್ಟಿದೆ. ತಲೆ ಒಂದಿಷ್ಟೂ ಅಲುಗದೆ ಕಲ್ಲಿನ ಹಾಗೆ ಕೂತಿದ್ದರೆ, ನಟ್ಟೂ ಇನ್ನೂ ಬಂದಿರದಿದ್ದರೆ, ಅದು ಥ್ರೆಡ್ಡಿನ ಕಥೆ.

ಥ್ರೆಡ್ಡಿನದು ಸುಲಭ, ಬೇಗ ಹೇಳಿಬಿಡುತ್ತೇನೆ. ವೈರ್ ಬ್ರಷ್ಷಿನಲ್ಲಿ ಹೊರಗೆ ಕಾಣುವ ಥ್ರೆಡ್ ಉಜ್ಜಿ, ತುಕ್ಕೊಳಗೆ ಇಳಿಯುವ ಎಣ್ಣೆ ಹಾಕಿ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಹನ್ನೆರಡು ಮೂಲೆಯದು ನಟ್ಟಿನ ಮೂಲೆಗಳನ್ನು ಮಾತ್ರ ಹಿಡಿಯುತ್ತದೆ. ನಾನೊಮ್ಮೆ ಅದರಲ್ಲೇ ಎಳೆದು 17 ಎಂಎಂ ತಲೆಯನ್ನು ಗೋಲಿ ಮಾಡಿ ಕೂತಿದ್ದೆ. ಬಿಚ್ಚುವ ಮೊದಲು ಒಂದು ಎಳೆ ಬಿಗಿ ಮಾಡಿ. ವಿಚಿತ್ರ ಅನ್ನಿಸಬಹುದು, ಆದರೆ ಬಿಗಿ ಮಾಡುವಾಗಲೇ ತುಕ್ಕಿನ ಪದರ ಬಿರಿಯುತ್ತದೆ. ಆಮೇಲೆ ಕಾಲು ಸುತ್ತು ಬಿಚ್ಚು, ಅರ್ಧ ಕಾಲು ಸುತ್ತು ಬಿಗಿ ಮಾಡು, ಎಣ್ಣೆ ಬಿಡು. ಹೀಗೆ ಹಿಂದೆ ಮುಂದೆ ಮಾಡುತ್ತಾ ತನ್ನಿ. 60 ಸೆಂ.ಮೀ. ಹಿಡಿಯ ತುದಿಗೆ 40 ಕೆಜಿ ಭಾರ ಹಾಕಿದರೆ ಸುಮಾರು 235 ನ್ಯೂಟನ್ ಮೀಟರ್ ತಿರುಚುಬಲ (ಟಾರ್ಕ್) ಸಿಗುತ್ತದೆ. ಪೈಪು ತೂರಿಸಿ ಹಿಡಿಯನ್ನು ಇಮ್ಮಡಿ ಉದ್ದ ಮಾಡಿದರೆ ಬಲವೂ ಇಮ್ಮಡಿ. ಹಿಡಿಯನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಿರಿ, ಆಚೆಗೆ ತಳ್ಳಬೇಡಿ. ತಟ್ಟನೆ ಬಿಟ್ಟುಕೊಂಡಾಗ ಗೆಣ್ಣು ಹೋಗಿ ಬಡಿಯುವುದು ತಳ್ಳುವವರದೇ.

ಎಣ್ಣೆಯ ವಿಷಯಕ್ಕೆ ಬಂದರೆ, ಡಬ್ಲ್ಯುಡಿ-40 ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಅದು 1953ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ್ದು ಲೋಹದ ಮೇಲಿನ ನೀರನ್ನು ಓಡಿಸುವುದಕ್ಕೆ. ಹೆಸರಿನಲ್ಲಿರುವ ಎರಡು ಅಕ್ಷರದ ಅರ್ಥವೂ ಅದೇ. 40 ಅಂದರೆ ನಲವತ್ತನೇ ಪ್ರಯತ್ನ. ಕಚ್ಚಿದ ತುಕ್ಕಿಗೆ ಪಿಬಿ ಬ್ಲಾಸ್ಟರ್, ಕ್ರಾಯ್ಲ್ ತರಹದ ತೆಳ್ಳನೆ ಎಣ್ಣೆ ವಾಸಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆಗೆ ಅಸಿಟೋನ್ ಸಮಪಾಲು ಬೆರೆಸಿ ಹಾಕುವವರೂ ಬಹಳ. ಯಾವುದೇ ಆಗಲಿ, ಡಬ್ಬಿಯ ಲೆಕ್ಕ ಮುಖ್ಯವಲ್ಲ, ರಾತ್ರಿಗಳ ಲೆಕ್ಕ ಮುಖ್ಯ. ನಮ್ಮೂರ ತೋಟದಲ್ಲಿ ಪಂಪ್‌ಸೆಟ್ಟಿನ ಬೋಲ್ಟು ಬರದಿದ್ದಾಗ ಅಪ್ಪ ಬಟ್ಟೆಚೂರಿಗೆ ಸೀಮೆಎಣ್ಣೆ ಅದ್ದಿ ಸುತ್ತಿಟ್ಟು, "ನಾಳೆ ನೋಡೋಣ, ಈಗ ಊಟಕ್ಕೆ ಏಳು" ಅನ್ನುತ್ತಿದ್ದರು. ಆ "ನಾಳೆ" ಕೆಲವೊಮ್ಮೆ ಮೂರು ದಿನ ಹಿಡಿಯುತ್ತಿತ್ತು. ನೀವೂ ಮೂರು ಸಂಜೆ ಎರಡೂ ತುದಿಯಿಂದ ಎಣ್ಣೆ ಬಿಡಿ, ಪ್ರತಿ ಸಲ ಬೋಲ್ಟಿನ ತಲೆಗೆ ನಾಲ್ಕಾರು ಹದವಾದ ಏಟು ಕೊಡಿ. ಏಟಿನ ಕಂಪನಕ್ಕೆ ಎಣ್ಣೆ ಒಳಗೆ ಇಳಿಯುತ್ತದೆ.

ಹಾಗೂ ಬರದಿದ್ದರೆ ಶಾಖ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 14 ಎಂಎಂ ರಂಧ್ರದ ಒಂದು ನಟ್ಟನ್ನು 300 ಡಿಗ್ರಿ ಹೆಚ್ಚು ಕಾಯಿಸಿದರೆ ರಂಧ್ರ 0.05 ಎಂಎಂ ದೊಡ್ಡದಾಗುತ್ತದೆ. ಕೇಳಲು ಇಷ್ಟೇ ಇಷ್ಟು, ತುಕ್ಕಿನ ಹಿಡಿತ ಬಿರಿಯಲು ಸಾಕಷ್ಟು. ಅದಕ್ಕೇ ಕಾಯಿಸಬೇಕಾದ್ದು ಹೊರಗಿನ ಭಾಗವನ್ನು. ಥ್ರೆಡ್ಡಾದರೆ ನಟ್ಟು. ನಿಮ್ಮ ಹಾಗೆ ಮೈ ಕಚ್ಚಿದ್ದರೆ ಕೊಳವೆ ಕಾಯಬೇಕು, ಅದರ ಸುತ್ತ ರಬ್ಬರಿದೆ, ಟಾರ್ಚ್ ಹಿಡಿದರೆ ರಬ್ಬರು ಉರಿದು ಗಬ್ಬು ಹೊಗೆ. ಕಾಯಿಲ್ ಸುತ್ತಿ ಕಾಯಿಸುವ ಇಂಡಕ್ಷನ್ ಹೀಟರ್ ಸಿಕ್ಕರೆ ಬೆಂಕಿಯ ಜ್ವಾಲೆಯಿಲ್ಲದೆ ಆಗುತ್ತದೆ, ಆದರೂ ಆ ಬುಷ್ಷಿನ ಆಸೆ ಬಿಡಿ. ಬಿಸಿಯಿದ್ದಾಗಲೇ ಮೇಣದಬತ್ತಿಯನ್ನು ಬೋಲ್ಟಿನ ಅಂಚಿಗೆ ತಾಗಿಸಿ ನೋಡಿ. ಮೇಣ ಕರಗಿ ಸಂದಿನೊಳಗೆ ತಾನಾಗಿ ಎಳೆದುಕೊಂಡು ಹೋಗುವುದು ಕಣ್ಣಿಗೆ ಕಾಣುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಇಷ್ಟವಾಗುವ ಗಳಿಗೆ ಅದೇ.

ಬೆಂಕಿ ಹಚ್ಚುವ ಮುಂಚೆ ಮೂರು ಮಾತು, ಇವುಗಳಲ್ಲಿ ರಿಯಾಯಿತಿ ಇಲ್ಲ. ಎಣ್ಣೆ, ಅಸಿಟೋನ್ ಪೂರ್ತಿ ಒರೆಸಿ ಒಣಗಲು ಬಿಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ತೊಳೆದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ, ಫಾಸ್ಜೀನ್ ಎಂಬ ವಿಷಾನಿಲ ಏಳುತ್ತದೆ. ಶಾಕ್ ಅಬ್ಸಾರ್ಬರಿನ ಮೈ, ಬ್ರೇಕ್ ಹೋಸ್, ಪೆಟ್ರೋಲ್ ಪೈಪು, ಟ್ಯಾಂಕು ಇವುಗಳ ಹತ್ತಿರ ಜ್ವಾಲೆ ಸುಳಿಯಬಾರದು. ನಿಮ್ಮ ಬೋಲ್ಟು ಇರುವುದು ಕಾರಿನ ಹಿಂಭಾಗದಲ್ಲಿ, ನೆನಪಿರಲಿ. ಜೊತೆಗೆ ಕಾರು ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಮೀಟರುದ್ದದ ಪೈಪು ಹಿಡಿದು ಜಗ್ಗುವಾಗ ಇಡೀ ಕಾರೇ ಅಲುಗುತ್ತದೆ.

ಇನ್ನೊಂದು ದಾರಿ ಏರ್ ಹ್ಯಾಮರ್, ಅಂದರೆ ಗಾಳಿಯ ಒತ್ತಡದಲ್ಲಿ ಬಡಿಯುವ ಸುತ್ತಿಗೆ. ಸುತ್ತಿಗೆಯ ಒಂದೊಂದೇ ಭಾರೀ ಏಟಿಗಿಂತ ಇದರ ಸಣ್ಣ ಸಣ್ಣ ಸಾವಿರ ಏಟು ತುಕ್ಕನ್ನು ಪುಡಿ ಮಾಡುವುದರಲ್ಲಿ ಪಳಗಿದೆ. ನಟ್ಟನ್ನು ಬೋಲ್ಟಿನ ತುದಿಗೆ ಸಮನಾಗಿ ವಾಪಸ್ ಹಾಕಿ (ಇಲ್ಲದಿದ್ದರೆ ಥ್ರೆಡ್ ಅಣಬೆಯಂತೆ ಅರಳಿ ಬೋಲ್ಟು ಹೊರಗೇ ಬರುವುದಿಲ್ಲ, ನೀವು ಈಗಾಗಲೇ ಬಡಿದಿದ್ದೀರಲ್ಲ, ತುದಿಯನ್ನೊಮ್ಮೆ ನೋಡಿಕೊಳ್ಳಿ), ಮೊಂಡು ಬಿಟ್ ಒತ್ತಿ ಹಿಡಿಯಿರಿ. ಇನ್ನೊಬ್ಬರು ಆಚೆಯಿಂದ ತಲೆಯನ್ನು ಹಿಂದೆ ಮುಂದೆ ತಿರುಗಿಸುತ್ತಿರಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ.

ಇಷ್ಟಾದರೂ ಬರದಿದ್ದರೆ ಕತ್ತರಿಸಿ. ಇದನ್ನು ಸೋಲು ಅಂದುಕೊಳ್ಳುವವರು ಎರಡು ವಾರಾಂತ್ಯ ಹಾಳು ಮಾಡಿಕೊಂಡು ಕೊನೆಗೆ ಕತ್ತರಿಸುತ್ತಾರೆ. ಬುಷ್ಷಿಗೂ ಬೋಲ್ಟು ಹಾಯುವ ವಿಶ್‌ಬೋನಿನ ಕಿವಿಗೂ ನಡುವೆ ಲೋಹ ಕೊಯ್ಯುವ ಬ್ಲೇಡಿನ ರೆಸಿಪ್ರೊಕೇಟಿಂಗ್ ಗರಗಸ ತೂರಿಸಿ, ಎರಡೂ ಪಕ್ಕ ಕೊಯ್ದರೆ ಅಪ್‌ರೈಟು ಕೈಗೆ ಬರುತ್ತದೆ. ಬ್ಲೇಡು ಬುಷ್ಷಿನ ಕಡೆಗೆ ವಾಲಿದರೆ ಚಿಂತೆಯಿಲ್ಲ, ಕಿವಿಯನ್ನು ತಿಂದರೆ ತೋಳೇ ಹೋಯಿತು. ನನ್ನ ಸಲಹೆ ಕೇಳಿದರೆ, ಹೊಸ ಬೋಲ್ಟು, ಹೊಸ ಬುಷ್ಷುಗಳನ್ನು ಇವತ್ತೇ ತರಿಸಿಕೊಂಡು, ಅವು ಕೈಗೆ ಬಂದಮೇಲೆ ಗರಗಸ ಎತ್ತಿಕೊಳ್ಳಿ. ಬೋಲ್ಟನ್ನು ಮಾಜ್ಡಾ ಬಿಡಿಭಾಗವಾಗಿಯೇ ತನ್ನಿ. ಹಾರ್ಡ್‌ವೇರ್ ಅಂಗಡಿಯ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅಲ್ಲಿ ಸಿಗುವ ಸಾಮಾನ್ಯ ಎ2-70 ದರ್ಜೆಯದು 700 ಮೆಗಾಪಾಸ್ಕಲ್ ತಾಳುತ್ತದೆ, ತಲೆಯ ಮೇಲೆ 10.9 ಎಂದು ಅಚ್ಚೊತ್ತಿರುವ ಉಕ್ಕಿನದು 1,000. ಚಕ್ರವನ್ನು ಹಿಡಿದಿಡುವ ಜಾಗದಲ್ಲಿ ಈ ಚೌಕಾಸಿ ಬೇಡ. ಕೆಂಪಗೆ ಕಾಯಿಸಿದ ಹಳೆ ಬೋಲ್ಟನ್ನೂ ಮತ್ತೆ ಹಾಕಬೇಡಿ, ಅದರ ಹದ ಕೆಟ್ಟಿರುತ್ತದೆ.

ಇಷ್ಟು ಒದ್ದಾಟ ಯಾಕೆ, ಆ ಬೋಲ್ಟನ್ನು ಬಿಟ್ಟು ತೋಳನ್ನು ಕೆಳಗೆ ಒತ್ತಿ ಶಾಕ್ ಎಳೆದುಕೊಂಡರಾಯಿತಲ್ಲ ಅಂತ ಯಾರಾದರೂ ಹೇಳಬಹುದು. ಸ್ಟೆಬಿಲೈಜರ್ ಬಾರಿನ ಕೊಂಡಿ ಬಿಚ್ಚಿ, ಇಬ್ಬರು ಸೇರಿ ಒತ್ತಿದರೆ ಶಾಕ್ ಹೊರಗೆ ಬರುವುದೂ ಉಂಟು. ಆದರೆ ಕಾರು ತಗ್ಗಿಸಿದಮೇಲೆ ತೋಳುಗಳ ಕೋನವೇ ಬದಲಾಗುತ್ತದೆ. ಬುಷ್ಷಿನ ಒಳಗಿನ ಕೊಳವೆ ಹಳೆ ಕೋನದಲ್ಲೇ ಬಿಗಿಯಾಗಿ ಕೂತಿದ್ದರೆ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರೂ ನೀವಂದುಕೊಂಡಷ್ಟು ತಗ್ಗುವುದಿಲ್ಲ. ಹಾಗಾಗಿ ತೋಳಿನ ಬೋಲ್ಟುಗಳನ್ನೆಲ್ಲ ಒಮ್ಮೆ ಸಡಿಲಿಸಿ, ಕಾರು ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಾಗ ಬಿಗಿ ಮಾಡಬೇಕು. ರ‍್ಯಾಂಪ್ ಇಲ್ಲದಿದ್ದರೆ, ಕಾರನ್ನು ಒಮ್ಮೆ ನೆಲಕ್ಕಿಳಿಸಿ ಸ್ವಲ್ಪ ಓಡಿಸಿ, ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಎಷ್ಟಿದೆ ಅಳೆದುಕೊಳ್ಳಿ. ಆಮೇಲೆ ಸ್ಟ್ಯಾಂಡಿನ ಮೇಲಿಟ್ಟು, ತೋಳಿನ ಕೆಳಗೆ ಜಾಕ್ ಕೊಟ್ಟು ಅದೇ ಅಳತೆಗೆ ಎತ್ತಿ, ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿ ಮಾಡಿ.

ತೋಳಿನ ಒಳಬದಿಯಲ್ಲಿ ಕ್ಯಾಮ್ ಬೋಲ್ಟುಗಳಿವೆ (ತಿರುಗಿಸಿದರೆ ತೋಳು ಆಚೀಚೆ ಸರಿಯುವಂಥವು), ಒಂದೊಂದು ಕೆಳತೋಳಿಗೆ ಎರಡು, ಒಟ್ಟು ಎಂಟು. ಚಕ್ರ ನಿಂತ ಓರೆ (ಕ್ಯಾಂಬರ್), ಅದು ಮುಖ ಮಾಡಿದ ದಿಕ್ಕು (ಟೋ) ಸರಿಪಡಿಸುವುದು ಇವುಗಳಿಂದಲೇ. ತಗ್ಗಿಸಿದ ಕಾರಿಗೆ ಅಲೈನ್‌ಮೆಂಟ್ ಆಗಲೇಬೇಕು, ಇವು ಕಚ್ಚಿದ್ದರೆ ಆಗುವುದಿಲ್ಲ. ಅಂಗಡಿಯವರು "ತಿರುಗುತ್ತಿಲ್ಲ ಸರ್" ಅಂತ ಕಾರು ವಾಪಸ್ ಕೊಡುವ ಮುಂಚೆ ನೀವೇ ಪೇಂಟಿನ ಗುರುತು ಹಾಕಿ, ಒಂದೊಂದನ್ನೇ ಸಡಿಲಿಸಿ ತಿರುಗಿಸಿ ನೋಡಿ.

ವಾಪಸ್ ಹಾಕುವಾಗ ಬೋಲ್ಟಿನ ಮೈಗೆ, ಕೊಳವೆಯೊಳಗೆ ಕೂರುವ ನುಣುಪು ಭಾಗಕ್ಕೆ, ಲೋಹ ಕಚ್ಚದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಧಾರಾಳವಾಗಿ ಸವರಿ. ಥ್ರೆಡ್ಡಿಗೆ ಬೇಡ. ಥ್ರೆಡ್ ಜಾರತೊಡಗಿದರೆ ಅದೇ ಟಾರ್ಕಿಗೆ ಬೋಲ್ಟಿನ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ.

ಬಲಚಕ್ರಕ್ಕೆ ನೀವಿನ್ನೂ ಕೈ ಹಾಕಿಲ್ಲ ಅನ್ನಿಸುತ್ತದೆ. ಅಲ್ಲಿಯ ಉದ್ದನೆ ಬೋಲ್ಟಿಗೆ ಈ ರಾತ್ರಿಯೇ ಎಣ್ಣೆ ಬಿಟ್ಟು ಮಲಗಿ.