ಹಿಮ ಕಾಣದ ಮೈಸೂರಿನಲ್ಲಿ ಸ್ಕೇಟ್ ಸ್ಕೀಯಿಂಗ್ ಕಲಿಕೆ ಶುರುಮಾಡುವುದು ಹೇಗೆ?

ಪ್ರಶ್ನೆ: ನನಗೆ 42 ವರ್ಷ, ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಚಳಿಗಾಲದ ಒಲಿಂಪಿಕ್ಸ್ ನೋಡಿದಾಗಿನಿಂದ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ ಸ್ಕೇಟಿಂಗ್ ಶೈಲಿ ಕಲಿಯುವ ಆಸೆ ಹುಟ್ಟಿದೆ. ಬರುವ ಚಳಿಗಾಲದಲ್ಲಿ ಗುಲ್ಮಾರ್ಗ್‌ಗೆ ಹೋಗಬೇಕೆಂದಿದ್ದೇನೆ. ಹಿಮವನ್ನೇ ಮುಟ್ಟದ ನಾನು ಇಲ್ಲಿದ್ದುಕೊಂಡೇ ಏನಾದರೂ ಸಿದ್ಧತೆ ಮಾಡಬಹುದೇ? ಈ ವಯಸ್ಸಿನಲ್ಲಿ ಇದು ಆಗುವ ಮಾತೇ?

ಉತ್ತರ: ಖಂಡಿತ ಆಗುವ ಮಾತು. ಅಷ್ಟೇ ಅಲ್ಲ, ಈ ಕಲಿಕೆಯಲ್ಲಿ ಅತ್ಯಂತ ಕಷ್ಟದ ಪಾಠವನ್ನು ಮೈಸೂರಿನಲ್ಲಿಯೇ ಬಹುಮಟ್ಟಿಗೆ ರೂಢಿಸಿಕೊಂಡು ಹೋಗಬಹುದು. ಜಾರುತ್ತಿರುವ ಒಂದೇ ಕಾಲಿನ ಮೇಲೆ ಇಡೀ ಮೈಭಾರವನ್ನು ಹಾಕಿ, ಗಾಬರಿಯಾಗದೆ ನಿಲ್ಲುವುದೇ ಆ ಪಾಠ.

ಇದು ಯಾಕೆ ಕಷ್ಟವೆಂದು ತಿಳಿದರೆ ಅಭ್ಯಾಸದ ದಾರಿ ತಾನಾಗಿ ಸಿಗುತ್ತದೆ. ಹಳೆಯ ಕ್ಲಾಸಿಕ್ ಶೈಲಿಯ ಸ್ಕೀಗೆ (ಬೂಟಿಗೆ ಸಿಕ್ಕಿಸುವ ಉದ್ದನೆಯ ಹಲಗೆ) ಪಾದದ ಕೆಳಗೆ ಹಿಡಿತ ಕೊಡುವ ಮೇಣವೋ ಪಟ್ಟಿಯೋ ಇರುತ್ತದೆ. ಅದನ್ನು ಒತ್ತಿ ಹಿಂದಕ್ಕೆ ಒದ್ದು ಮುಂದೆ ಸಾಗುತ್ತಾರೆ. ಸ್ಕೇಟ್ ಸ್ಕೀಗೆ ಅಂಥ ಹಿಡಿತವೇ ಇಲ್ಲ. ಹಿಂದಕ್ಕೆ ಒದ್ದರೆ ಸ್ಕೀ ಹಿಂದಕ್ಕೇ ಜಾರುತ್ತದೆ. ಆದ್ದರಿಂದ ಎರಡು ಸ್ಕೀಗಳ ಮುಂತುದಿಗಳನ್ನು ಅಗಲಿಸಿ, ಒಂದರ ಒಳ ಅಂಚನ್ನು ಹಿಮಕ್ಕೆ ಒತ್ತಿ, ಪಕ್ಕಕ್ಕೆ ತಳ್ಳಬೇಕು. ತಳ್ಳಿದ ಮರುಕ್ಷಣ ಭಾರವೆಲ್ಲ ಇನ್ನೊಂದು ಸ್ಕೀಗೆ ಹೋಗಿರಬೇಕು. ನಲವತ್ತು ವರ್ಷ ನಡೆದು, ಓಡಿ, ಹಿಂದಕ್ಕೆ ಒದೆಯುವುದನ್ನೇ ರೂಢಿ ಮಾಡಿಕೊಂಡ ದೇಹ ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಭಾರವನ್ನು ಎರಡು ಕಾಲುಗಳ ನಡುವೆ ಉಳಿಸಿಕೊಂಡು, ಬೀಳುವ ಭಯದಲ್ಲಿ ಪಟಪಟನೆ ಕಾಲು ಬದಲಿಸುತ್ತದೆ. ಆಗ ಜಾರುವುದು ಕಡಿಮೆ, ಒದ್ದಾಟ ಹೆಚ್ಚು. ನೂರು ಮೀಟರಿಗೇ ಏದುಸಿರು. ಹೊಸಬರು ಇದನ್ನು ದಮ್ಮಿನ ಕೊರತೆ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಹೆಚ್ಚಿನ ಸಲ ಅದು ಸಮತೋಲನದ ಕೊರತೆ.

ಅಂದಹಾಗೆ, ಈ ಶೈಲಿ ಬಹಳ ಹಳೆಯದೇನಲ್ಲ. ಅಮೆರಿಕದ ಬಿಲ್ ಕೋಕ್ 1982ರಲ್ಲಿ ಸ್ಕೇಟಿಂಗ್ ಹೆಜ್ಜೆಯನ್ನು ಬಳಸಿ ವಿಶ್ವಕಪ್ ಗೆದ್ದ ಮೇಲೆ ಅದು ಎಲ್ಲೆಡೆ ಹಬ್ಬಿತು. 1988ರ ಕ್ಯಾಲ್ಗರಿ ಒಲಿಂಪಿಕ್ಸ್ ಹೊತ್ತಿಗೆ ಎರಡೂ ಶೈಲಿಗಳಿಗೆ ಬೇರೆ ಬೇರೆ ಸ್ಪರ್ಧೆಗಳು ಬಂದಿದ್ದವು.

ಈಗ ಅಭ್ಯಾಸಕ್ಕೆ ಬರೋಣ. ಮನೆಯಲ್ಲಿ ಬರಿಗಾಲಿನಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವುದರಿಂದ ಆರಂಭಿಸಿ. ಮಂಡಿ ಮತ್ತು ಕಣಕಾಲು ಸ್ವಲ್ಪ ಬಾಗಿರಲಿ. ಮೂಗು, ಮಂಡಿ, ಕಾಲ್ಬೆರಳು ಒಂದೇ ನೇರದಲ್ಲಿ ಬರಲಿ. ಕನ್ನಡಿಯ ಮುಂದೆ ನಿಂತರೆ ತಪ್ಪು ಕೂಡಲೇ ಕಾಣುತ್ತದೆ. ನಂತರ ಇನ್‌ಲೈನ್ ಸ್ಕೇಟ್ಸ್, ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್ಸ್. ಬಡಾವಣೆಗಳಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವವರ ಬಳಿ ಸಂಕೋಚ ಬಿಟ್ಟು ಹೋಗಿ ಸೇರಿಕೊಳ್ಳಿ. ಎಂಟು ವರ್ಷದ ಹುಡುಗಿ ನಿಮ್ಮನ್ನು ದಾಟಿ ಹೋದರೆ ಅವಳ ಸೊಂಟವನ್ನು ಗಮನಿಸಿ: ಪ್ರತಿ ಹೆಜ್ಜೆಗೂ ಅದು ಜಾರುವ ಕಾಲಿನ ಮೇಲೆಯೇ ಬಂದು ನಿಲ್ಲುತ್ತದೆ. ನೀವು ಕಲಿಯಬೇಕಾದದ್ದು ಅದನ್ನೇ. ಒಂದು ಸಲ ತಳ್ಳಿದರೆ ಎಷ್ಟು ದೂರ ಜಾರಲು ಸಾಧ್ಯವೋ ಅಷ್ಟು ದೂರ ಜಾರಿ, ಆಮೇಲೆ ಕಾಲು ಬದಲಿಸಿ. ವೇಗದ ಚಿಂತೆ ಬೇಡ.

ಅದು ಕೈಗೂಡಿದ ಮೇಲೆ ಚಕ್ರದ ಸ್ಕೀ, ಅಂದರೆ ರೋಲರ್ ಸ್ಕೀ. ಬಹುತೇಕ ರೋಲರ್ ಸ್ಕೀಗಳಿಗೆ ಬ್ರೇಕ್ ಇರುವುದಿಲ್ಲ ಎಂಬುದನ್ನು ಮರೆಯಬೇಡಿ. ಸಮತಟ್ಟಾದ, ವಾಹನಗಳಿಲ್ಲದ, ಒಣಗಿದ ಡಾಂಬರು ಬೇಕು. ವರ್ತುಲ ರಸ್ತೆ ಬೇಡವೇ ಬೇಡ. ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ಮಂಡ್ಯದ ರಸ್ತೆಗಳೂ ಬೇಡ. ಹೆಲ್ಮೆಟ್, ಕೈಗವಸು, ಮಂಡಿ ಮತ್ತು ಮೊಣಕೈ ಕವಚ ಹಾಕದೆ ಹೊರಡಬೇಡಿ.

ದಮ್ಮು ಬೆಳೆಸಿಕೊಳ್ಳಲು ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ. ಈ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. ಎರಡು ಕೋಲು ಹಿಡಿದು, ಮಾತನಾಡಲು ಸಾಧ್ಯವಾಗುವ ವೇಗದಲ್ಲಿ ಹತ್ತಿ. ಮೊದಮೊದಲು ನಂದಿಯವರೆಗೆ ಸಾಕು. ದಸರಾ ಮುಗಿದು ಮಳೆ ಹಿಂದೆ ಸರಿದ ಮೇಲೆ ವಾರಕ್ಕೆ ಮೂರ್ನಾಲ್ಕು ದಿನ ಇದನ್ನೆಲ್ಲ ಮಾಡಿದರೂ ಜನವರಿ ಹೊತ್ತಿಗೆ ದೇಹ ಹದಕ್ಕೆ ಬಂದಿರುತ್ತದೆ.

ಸಲಕರಣೆಗಳನ್ನು ಈಗಲೇ ಕೊಳ್ಳಬೇಡಿ. ಸ್ಕೀ ಮಾಡುವಾಗ ಕೈಯಲ್ಲಿ ಹಿಡಿಯುವ ಕೋಲಿನ ಉದ್ದ ಸುಮಾರು ನಿಮ್ಮ ಎತ್ತರದ 90 ಪ್ರತಿಶತ ಇರಬೇಕು, ಬೂಟು ಕಣಕಾಲನ್ನು ಬಿಗಿಯಾಗಿ ಹಿಡಿಯಬೇಕು ಎಂಬಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಮೈಸೂರು 770 ಮೀಟರ್ ಆಸುಪಾಸಿನಲ್ಲಿ. ಮೊದಲ ಒಂದೆರಡು ದಿನ ಉಸಿರು ಭಾರವಾಗುವುದು ಸಹಜ, ಆ ದಿನಗಳಲ್ಲಿ ಹೆಚ್ಚು ದಣಿಯಬೇಡಿ. ಅಲ್ಲಿಗೆ ಬರುವ ಹೆಚ್ಚಿನವರು ಇಳಿಜಾರಿನ ಆಲ್ಪೈನ್ ಸ್ಕೀಯಿಂಗ್ ಕಲಿಯಲು ಬರುತ್ತಾರೆ. ಆದ್ದರಿಂದ ಟಿಕೆಟ್ ಮಾಡಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ನಾರ್ಡಿಕ್, ಅಂದರೆ ಕ್ರಾಸ್ ಕಂಟ್ರಿ ಬಗೆಯ ಸ್ಕೀ ಮತ್ತು ಅದನ್ನು ಕಲಿಸುವವರು ಇದ್ದಾರೆಯೇ? ಹಿಮವನ್ನು ಒತ್ತಿ ಗಟ್ಟಿಮಾಡಿದ ಅಗಲವಾದ ಹಾದಿ ಇದೆಯೇ? ಮೆತ್ತನೆಯ ಆಳವಾದ ಹಿಮದಲ್ಲಿ ಸ್ಕೇಟ್ ಸ್ಕೀ ಹೂತುಹೋಗುತ್ತದೆ, ಕಲಿಕೆ ಸಾಗುವುದಿಲ್ಲ.

ಹಿಮ ಬೀಳದ ನಾಡಿನವರಿಗೆ ಇದು ದಕ್ಕುತ್ತದೆಯೇ ಎಂಬ ಅನುಮಾನ ಬಂದರೆ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಿರಿ. ಅವರು ಇದೇ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ನಾರ್ಡಿಕ್ ಸ್ಪರ್ಧೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟಿದ್ದಾರೆ.

ಹಿಮದ ಮೇಲಿನ ಮೊದಲ ದಿನ ಕೋಲುಗಳನ್ನು ಬದಿಗಿಡಿ. ಕೋಲು ಕೈಯಲ್ಲಿದ್ದರೆ ಭಾರ ಅದರ ಮೇಲೆ ವಾಲುತ್ತದೆ, ಕಾಲು ಕಲಿಯುವುದಿಲ್ಲ. ಬರಿಗೈಯಲ್ಲಿ, ಸಮತಟ್ಟಾದ ಕಡೆ, ಒಂದೊಂದೇ ಕಾಲಿನ ಮೇಲೆ ಜಾರುವುದು ಹಿಡಿತಕ್ಕೆ ಬಂದ ಮೇಲೆ ಕೋಲು ಕೇಳಿ ತೆಗೆದುಕೊಳ್ಳಿ.