ದೋಣಿ ಮೋಟರ್‌ಗೆ ದಮ್ಮಿಲ್ಲ: ಕಾರ್ಬೊರೇಟರ್ ಬಿಚ್ಚುವ ಮುಂಚೆ ನೋಡಬೇಕಾದ್ದು

ಚನ್ನಗಿರಿ ಹತ್ತಿರದ ಸೂಳೆಕೆರೆಯ ದಂಡೆಯಲ್ಲಿ ಒಂದು ಹಳೇ 25 ಎಚ್‌ಪಿ ಮೋಟರ್ ನನ್ನ ಎರಡು ಭಾನುವಾರ ನುಂಗಿತು. ಟೂ ಸ್ಟ್ರೋಕ್, ಎರಡು ಸಿಲಿಂಡರ್, ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಹಗ್ಗ ಎರಡು ಸಲ ಎಳೆದರೆ ಸ್ಟಾರ್ಟ್ ಆಗುತ್ತದೆ. ಆದರೆ ಗ್ರಿಪ್ ಪೂರ್ತಿ ತಿರುಗಿಸಿದರೂ ದೋಣಿ ಮೂತಿ ಮೇಲೆತ್ತಿ, ಹಿಂಭಾಗ ನೀರಲ್ಲಿ ಕೂರಿಸಿಕೊಂಡು, ಗಬ್ಬದ ಎಮ್ಮೆ ಥರ ಹೋಗುತ್ತದೆ. ದೋಣಿಯವರು "ತಮ್ಮಾ, ಕಾರ್ಬೊರೇಟರ್ ಕಟ್ಟಿರ್ಬೇಕು ನೋಡು" ಅಂದರು. ಪೆಟ್ರೋಲಿಗೆ ಗಾಳಿ ಬೆರೆಸುವ ಆ ಭಾಗವನ್ನು ನಾನೂ ಹೂಂ ಅಂದು ಬಿಚ್ಚಿ ತೊಳೆದೆ. ಏನೂ ಆಗಲಿಲ್ಲ. ಮುಂದಿನ ವಾರ ಮತ್ತೆ ಅದನ್ನೇ ಬಿಚ್ಚಿದೆ. ನೀವು ಹಾಗೆ ಮಾಡಬಾರದು ಅಂತಲೇ ಈ ಟಿಪ್ಪಣಿ.

ಈ ಮೋಟರ್ ನಮಗೇನೂ ಹೊಸದಲ್ಲ. ಆರ್‌ಎಕ್ಸ್ 100 ಬೈಕ್ ಬಿಚ್ಚಿದವರಿಗೆ, ಚನ್ನಗಿರಿ ಕಡೆ ಅಡಿಕೆ ತೋಟದ ಕಳೆ ಕತ್ತರಿಸುವ ಮಷಿನ್ ರಿಪೇರಿ ಮಾಡಿದವರಿಗೆ ಒಳಗಿರುವುದೆಲ್ಲ ಗೊತ್ತು. ವ್ಯತ್ಯಾಸ ಇಷ್ಟೇ: ಇಲ್ಲಿ ಸಿಲಿಂಡರ್ ಎರಡು, ತಂಪು ಮಾಡೋದು ಕೆರೆ ನೀರು, ಚಕ್ರದ ಬದಲು ಪ್ರೊಪೆಲ್ಲರ್.

ಮೊದಲ ಪ್ರಶ್ನೆ: ಇಂಜಿನ್ ತಿರುಗುತ್ತಿದೆಯಾ, ಇಲ್ವಾ?

"ಪವರ್ ಇಲ್ಲ" ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಕಾಯಿಲೆ ಅಡಗಿರುತ್ತವೆ. ಒಂದು, ಇಂಜಿನ್ ಜೋರಾಗಿ ಕೂಗುತ್ತದೆ, ದೋಣಿ ಮಾತ್ರ ಓಡುವುದಿಲ್ಲ. ಇನ್ನೊಂದು, ಇಂಜಿನ್ನೇ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಏರುವುದಿಲ್ಲ. ಹಳೇ 25 ಎಚ್‌ಪಿ ಮೋಟರ್‌ಗಳು ಫುಲ್ ಥ್ರಾಟಲ್‌ನಲ್ಲಿ, ಅಂದರೆ ಗ್ರಿಪ್ ಪೂರ್ತಿ ತಿರುಗಿಸಿದಾಗ, ಸಾಮಾನ್ಯವಾಗಿ 4500ರಿಂದ 5500 ಆರ್‌ಪಿಎಂ ತಲುಪಬೇಕು. ಪ್ಲಗ್ ವೈರ್‌ಗೆ ಸುತ್ತಿ ಆರ್‌ಪಿಎಂ ಅಳೆಯುವ ಸಣ್ಣ ಟ್ಯಾಕೋಮೀಟರ್ ಇದ್ದರೆ ಸಾಕು, ಅರ್ಧ ಕೆಲಸ ಮುಗಿದ ಹಾಗೆ.

ಕೂಗಿದರೂ ಓಡದಿದ್ದರೆ ಪ್ರೊಪೆಲ್ಲರ್ ಕಡೆ ನೋಡಿ. ಜೊಂಡು, ಹರಿದ ಬಲೆ ಸುತ್ತಿಕೊಂಡಿರಬಹುದು. ಇನ್ನೊಂದು ಗುಟ್ಟು: ಪ್ರೊಪೆಲ್ಲರ್ ನಡುವೆ ಒಂದು ರಬ್ಬರ್ ಬುಷ್ ಇರುತ್ತದೆ. ಕಲ್ಲಿಗೆ ಬಡಿದರೆ ಗೇರ್ ಉಳಿಯಲಿ ಅಂತ ಅದು ಜಾರಿಕೊಡುತ್ತದೆ. ಹಳತಾದರೆ ಕಲ್ಲು ತಾಗದೆಯೂ ಜಾರುತ್ತದೆ. ಒಳಗಿನ ಲೋಹದ ತೋಳಿನಿಂದ ಹೊರಗಿನ ಪ್ರೊಪೆಲ್ಲರ್‌ವರೆಗೆ ಮೊಳೆಯಿಂದ ಒಂದು ನೇರ ಗೆರೆ ಗೀರಿ. ಒಂದು ಸುತ್ತು ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ಮುರಿದು ಎರಡು ಕಡೆ ನಿಂತಿದ್ದರೆ ಕಳ್ಳ ಸಿಕ್ಕ.

ನಮ್ಮದು ಎರಡನೇ ಥರದ್ದು. 3500 ದಾಟುತ್ತಿರಲಿಲ್ಲ.

ಐದು ನಿಮಿಷದ ಪರೀಕ್ಷೆಗಳು

ಇಂಜಿನ್ ಆಫ್ ಮಾಡಿ, ಮುಚ್ಚಳ ತೆಗೆದು, ಗ್ರಿಪ್ ಪೂರ್ತಿ ತಿರುಗಿಸಿ. ಕಾರ್ಬೊರೇಟರ್‌ನ ಬಟರ್‌ಫ್ಲೈ (ಗಾಳಿ ಬಿಡುವ ತಟ್ಟೆ) ಪೂರ್ತಿ ತೆರೆಯಿತಾ? ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಮುಂದಕ್ಕೆ ತಳ್ಳುವ ತಟ್ಟೆ ಕೊನೆವರೆಗೂ ಸರಿಯಿತಾ? ಲಿಂಕ್ ಸವೆದು ಮುಕ್ಕಾಲೇ ತೆರೆದರೆ ಪೂರ್ತಿ ಪವರ್ ಸಿಗುವುದಿಲ್ಲ. ಇದನ್ನು ಯಾರೂ ನೋಡುವುದೇ ಇಲ್ಲ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸಿದೆಯಾ ನೋಡಿ. ಓಡುತ್ತಾ ಪವರ್ ಬಿದ್ದಾಗ ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಒಬ್ಬರು ಒತ್ತುತ್ತಾ ಇರಲಿ. ಒತ್ತಿದಾಗ ಚೇತರಿಸಿಕೊಂಡರೆ ಇಂಧನ ಸಾಲುತ್ತಿಲ್ಲ: ಪಂಪಿನ ಡಯಾಫ್ರಾಮ್ (ತೆಳು ಪೊರೆ), ಫಿಲ್ಟರ್, ಪೈಪಿನ ಗಾಳಿ ಸೋರಿಕೆ ಹುಡುಕಿ. ಬಲ್ಬ್ ತಾನೇ ಚಪ್ಪಟೆಯಾಗಿದ್ದರೆ ಟ್ಯಾಂಕ್ ಕಡೆ ಕಟ್ಟಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರು ಎಳೆದುಕೊಳ್ಳುತ್ತದೆ. ಹಳೇ ಕಾಲದ ರಬ್ಬರಿಗೂ ಅದು ಆಗಿಬರುವುದಿಲ್ಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿದ್ದರೆ ಸುಮ್ನೆ ಚೆಲ್ಲಬೇಡಿ, ಮೊದಲು ಗಾಜಿನ ಬಾಟಲಿಗೆ ಸ್ವಲ್ಪ ಬಿಟ್ಟು ನೋಡಿ. ನೀರಿದ್ದರೆ ಅಡಿಯಲ್ಲಿ ಬೇರೆ ಪದರವಾಗಿ ಕೂರುತ್ತದೆ.

ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ): ಎರಡೂ ಪ್ಲಗ್ ಬಿಚ್ಚಿ, ವೈರ್‌ಗಳನ್ನು ಬ್ಲಾಕ್‌ಗೆ, ಅಂದರೆ ಇಂಜಿನ್ನಿನ ಲೋಹದ ಮೈಗೆ ತಾಗಿಸಿ ಅರ್ಥ್ ಮಾಡಿ, ಪ್ಲಗ್ ತೂತಿಗೆ ಒತ್ತಡದ ಗೇಜ್ ಒಂದೊಂದಾಗಿ ಹಾಕಿ, ಥ್ರಾಟಲ್ ತೆರೆದು ನಾಲ್ಕೈದು ಸಲ ಹಗ್ಗ ಎಳೆಯಿರಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಎರಡಕ್ಕೂ ವ್ಯತ್ಯಾಸ ಎಷ್ಟು ಅನ್ನುವುದು ಮುಖ್ಯ. ಶೇ. 10ರ ಒಳಗಿದ್ದರೆ ಚಿಂತೆಯಿಲ್ಲ. ನಮ್ಮದು ಸರಿಯಿತ್ತು.

ಒಂದೇ ಕಾಲಲ್ಲಿ ಓಡುವ ಇಂಜಿನ್

ಎರಡು ಸಿಲಿಂಡರ್ ಮೋಟರ್ ಒಂದರಲ್ಲೇ ಸ್ಟಾರ್ಟ್ ಆಗುತ್ತದೆ, ಓಡುತ್ತದೆ ಕೂಡ. ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಹೀಗೆ ಮಾಡಿ: ಇಂಜಿನ್ ನಿಲ್ಲಿಸಿ, ಒಂದು ಪ್ಲಗ್ ವೈರ್ ತೆಗೆದು ಕ್ಲಿಪ್ಪಿನಿಂದ ಬ್ಲಾಕ್‌ಗೆ ಅರ್ಥ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಇಂಜಿನ್ ಕುಗ್ಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಅಂತ ಅರ್ಥ. ಓಡುವಾಗ ಕೈಯಲ್ಲಿ ವೈರ್ ಕೀಳಬೇಡಿ. ಶಾಕ್ ಹೊಡೆಯುತ್ತದೆ, ಸಿಡಿಐ (ಕಿಡಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೂಡ ಸುಟ್ಟುಹೋಗಬಹುದು.

ನಾನು ಮಾಡಿದ ತಪ್ಪು ಏನಂದರೆ, ಇದನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಐಡ್ಲಿಂಗ್‌ನಲ್ಲಿ ಮಾಡಿದ್ದು. ಯಾವ ವೈರ್ ತೆಗೆದರೂ ಇಂಜಿನ್ ಕುಗ್ಗಿತು. ಅಂದರೆ ಎರಡೂ ಕೆಲಸ ಮಾಡುತ್ತಿವೆ ಅಂದುಕೊಂಡೆ. ಪ್ಲಗ್ ಹೊರಗಿಟ್ಟು ಕಿಡಿ ನೋಡಿದೆ, ಎರಡರಲ್ಲೂ ನೀಲಿ ಕಿಡಿ. ಹಾಗಾಗಿ ಮತ್ತೆ ಕಾರ್ಬೊರೇಟರ್ ಮೇಲೆ ಬಿದ್ದೆ.

ಕಿಡಿಗೆ ಹೊರಗಿನ ಗಾಳಿಯಲ್ಲಿ ಹಾರುವುದು ಸುಲಭ. ಥ್ರಾಟಲ್ ತೆರೆದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಅಲ್ಲಿ ಹಾರಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು. ಆಗ ಕರೆಂಟ್ ಇನ್ನೂ ಸುಲಭದ ದಾರಿ ಹುಡುಕುತ್ತದೆ. ದಾರಿ ಸಿಕ್ಕರೆ ಪ್ಲಗ್ ಕಡೆ ಹೋಗುವುದೇ ಇಲ್ಲ.

ಎರಡನೇ ಭಾನುವಾರ ಸಂಜೆ ದೋಣಿಯನ್ನು ದಪ್ಪ ಹಗ್ಗದಲ್ಲಿ ಮರಕ್ಕೆ ಕಟ್ಟಿ, ಗೇರ್ ಹಾಕಿ, ಅರ್ಧ ಥ್ರಾಟಲ್ ಕೊಟ್ಟೆವು. ಕೆಳಗಿನ ಸಿಲಿಂಡರಿನ ವೈರ್ ಅರ್ಥ್ ಮಾಡಿದರೂ ಇಂಜಿನ್ ಒಂಚೂರೂ ಕುಗ್ಗಲಿಲ್ಲ. ಎರಡು ಪ್ಲಗ್ ಅದಲು ಬದಲು ಮಾಡಿದೆವು, ತೊಂದರೆ ಕೆಳಗೇ ಉಳಿಯಿತು. ಸೋರಿದ ಪೆಟ್ರೋಲ್ ಎಲ್ಲ ಒರೆಸಿ, ವೈರ್‌ಗಳನ್ನು ಮತ್ತೆ ಸಿಕ್ಕಿಸಿ, ಮುಚ್ಚಳ ತೆರೆದೇ ಓಡಿಸಿದೆವು. ಹೊತ್ತು ಮುಳುಗಿತ್ತು. ಕೆಳಗಿನ ವೈರ್ ಕ್ಲಾಂಪ್‌ಗೆ ಉಜ್ಜುವ ಜಾಗದಲ್ಲಿ ಕೂದಲಿನಷ್ಟು ತೆಳ್ಳನೆಯ ನೀಲಿ ಗೆರೆ ಟಿಕ್ ಟಿಕ್ ಅಂತ ಕುಣಿಯುತ್ತಿತ್ತು. ಹಗಲಲ್ಲಿ ನೂರು ಸಲ ನೋಡಿದ್ದ ಜಾಗ ಅದು. ಬಗ್ಗಿಸಿದಾಗ ಮಾತ್ರ ಬಾಯಿಬಿಡುವ ಸೀಳು. ಈ ಮೋಟರ್‌ನಲ್ಲಿ ವೈರ್ ಕಿಡಿಯ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಅಂಟಿಕೊಂಡೇ ಬರುತ್ತದೆ, ಹಾಗಾಗಿ ಕಾಯಿಲ್ ಸಮೇತ ಬದಲಾಯಿಸಬೇಕಾಯಿತು.

ಹೀಗೆ ತೆರೆದು ಓಡಿಸುವಾಗ ಟವೆಲ್, ಲುಂಗಿ ತುದಿ, ಸಡಿಲ ತೋಳು ಫ್ಲೈವೀಲ್ ಹತ್ತಿರ ಸುಳಿಯದಿರಲಿ. ಹಿಂದಿನಿಂದ ಚಿಮ್ಮುವ ನೀರಿನ ಎಳೆ ಮೇಲೂ ಕಣ್ಣಿರಲಿ. ಬೇಸಿಗೆಯಲ್ಲಿ ಕೆರೆ ಇಳಿದಾಗ ಹೂಳು ನುಗ್ಗಿ ವಾಟರ್ ಪಂಪಿನ ರಬ್ಬರ್ ರೆಕ್ಕೆ ತಿಂದುಹಾಕುತ್ತದೆ. ಎಳೆ ಸಣ್ಣದಾದರೆ ತಕ್ಷಣ ನಿಲ್ಲಿಸಿ.

ಎತ್ತರದ ಲೆಕ್ಕ

ಮೂರನೇ ಭಾನುವಾರ ಇಬ್ಬರು ಕೂತು ಹೋದಾಗ ದೋಣಿ ನೀರಿನ ಮೇಲೆದ್ದು ಜಾರಿತು, 4900 ಆರ್‌ಪಿಎಂ. ನಾಲ್ಕು ಜನ, ಬಲೆ, ಮೀನಿನ ಬುಟ್ಟಿ ಅಂದರೆ ಮತ್ತೆ ಏದುಸಿರು. ಇದಕ್ಕೆ ಇನ್ನೊಂದು ಕಾರಣ ಇದೆ. ಸೂಳೆಕೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಹಿರಿಯೂರಿನ ವಾಣಿ ವಿಲಾಸ ಸಾಗರ ಅದಕ್ಕಿಂತ ಇನ್ನಷ್ಟು ಎತ್ತರ. ಮೇಲೆ ಹೋದಂತೆ ಗಾಳಿ ತೆಳುವಾಗಿ ಪ್ರತಿ 300 ಮೀಟರಿಗೆ ಹತ್ತಿರಹತ್ತಿರ ಶೇ. 3 ಪವರ್ ಹೋಗುತ್ತದೆ. ಅಂದರೆ ಕರಾವಳಿಯಲ್ಲಿ 25 ಇದ್ದದ್ದು ಇಲ್ಲಿ ಇಪ್ಪತ್ತಮೂರೂವರೆ. ಅರ್ಧ ಪವರ್ ಹೋಗಿದ್ದಕ್ಕೆ ಎತ್ತರವನ್ನು ಬೈಯುವಂತಿಲ್ಲ, ಆದರೆ ಭಾರ ಹಾಕಿದಾಗ ಈ ಒಂದೂವರೆ ಎಚ್‌ಪಿ ಲೆಕ್ಕಕ್ಕೆ ಬರುತ್ತದೆ. ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಒಂದು ಇಂಚು ಕಡಿಮೆ ಮಾಡಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ, ಎಳೆತವೂ ಸುಧಾರಿಸುತ್ತದೆ.

ಇದನ್ನೆಲ್ಲ ದೋಣಿಯವರಿಗೆ ವಿವರಿಸಿ ಹೇಳಿದೆ. ಅವರು ಹೊಸ ಪ್ರೊಪೆಲ್ಲರಿನ ಬೆಲೆ ಕೇಳಿ, "ಇರ್ಲಿ ಬಿಡು ತಮ್ಮಾ, ಇಬ್ರೇ ಹೋಗ್ತೀವಿ" ಅಂದರು.